ವಯಸ್ಸಿನ ಹಿಂದೆ ಏನಿದೆ? ಮಾನವ ವಿಕಾಸ ಮನೋವಿಜ್ಞಾನದ ಪರಿಕಲ್ಪನೆಗಳು ಮತ್ತು ಸಂಶೋಧನಾ ವಿಧಾನಗಳು: ಸಮಗ್ರ ಮಾರ್ಗದರ್ಶಿ

ನಾಲ್ಕು ವರ್ಷದ ಮಗುವಿಗಿಂತ ಎಂಟು ವರ್ಷದ ಮಗು ತನಗೆ ಬೇಕಾದುದಕ್ಕಾಗಿ ಹೆಚ್ಚು ಹೊತ್ತು ಕಾಯಬಲ್ಲದು ಎಂಬುದು ಮಕ್ಕಳೊಡನೆ ಒಡನಾಡಿದ ಎಲ್ಲರಿಗೂ ಗೊತ್ತು. ಹಾಗೇಕೆ ಎಂದು ಕೇಳಿದರೆ ‘ವಯಸ್ಸಾಯಿತು, ತಿಳಿವಳಿಕೆ ಬಂತು’ ಎನ್ನುವುದು ವಾಡಿಕೆಯ ಉತ್ತರ. ಆ ಉತ್ತರಕ್ಕೆ ತೃಪ್ತಿಪಡದಿರುವಲ್ಲಿಂದ ವಿಕಾಸ ಮನೋವಿಜ್ಞಾನ ಆರಂಭವಾಗುತ್ತದೆ. ವಯಸ್ಸು ತಾನಾಗಿ ಏನನ್ನೂ ಮಾಡುವುದಿಲ್ಲ, ಕಳೆದ ಕಾಲವನ್ನು ಎಣಿಸುತ್ತದೆ ಅಷ್ಟೇ. ಆ ಕಾಲದಲ್ಲಿ ಮೆದುಳು ಪಕ್ವವಾಗಿರುತ್ತದೆ, ಭಾಷೆ ಬೆಳೆದಿರುತ್ತದೆ, ಶಾಲೆಯ ಶಿಸ್ತು ರೂಢಿಯಾಗಿರುತ್ತದೆ, ಹಿರಿಯರು ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಾರೋ ಇಲ್ಲವೋ ಎಂಬ ಅನುಭವವೂ ಕೂಡಿಬಂದಿರುತ್ತದೆ. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ನೋಡುವ ಪ್ರಯತ್ನದಿಂದಲೇ ಈ ಶಾಸ್ತ್ರದ ಸಂಶೋಧನಾ ವಿಧಾನಗಳಲ್ಲಿ ಹೆಚ್ಚಿನವು ರೂಪುಗೊಂಡಿವೆ.

ಮೊದಲ ಬಾರಿಗೆ ಒಂದು ಅಧ್ಯಯನವನ್ನು ಯೋಜಿಸುವ ವಿದ್ಯಾರ್ಥಿಯನ್ನೂ ಇತರರ ಅಧ್ಯಯನಗಳನ್ನು ವಿಮರ್ಶೆಯ ಕಣ್ಣಿನಿಂದ ಓದಬಯಸುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಸಾಧ್ಯವಿರುವ ಕಡೆಯೆಲ್ಲ ಮಕ್ಕಳ ಆತ್ಮನಿಯಂತ್ರಣವನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ನಿಮ್ಮ ವಿಷಯ ಬೇರೆಯಾದರೂ ಹಂತಗಳು ಇವೇ.

ಹಂತ 1: ಯಾವ ಬಗೆಯ ಬದಲಾವಣೆ ಎಂದು ಗುರುತಿಸಿ

ಎತ್ತರ, ತೂಕಗಳಂತಹ ದೈಹಿಕ ಹೆಚ್ಚಳವನ್ನು ಬೆಳವಣಿಗೆ ಎನ್ನುತ್ತೇವೆ. ವಿಕಾಸದ ವ್ಯಾಪ್ತಿ ಇದಕ್ಕಿಂತ ದೊಡ್ಡದು: ರಚನೆ, ಸಾಮರ್ಥ್ಯ ಮತ್ತು ವರ್ತನೆಗಳಲ್ಲಿ ಕಾಲಕ್ರಮೇಣ ಉಂಟಾಗುವ, ಒಂದು ಕ್ರಮವಿರುವ, ಸಾಕಷ್ಟು ಕಾಲ ಉಳಿಯುವ ಬದಲಾವಣೆ ಅದು. ಜ್ವರ ಬಂದ ದಿನ ಮಗು ಹಟ ಹಿಡಿದರೆ ಅದು ವಿಕಾಸವಲ್ಲ. ವಿಕಾಸದ ಹಿಂದೆ ಎರಡು ಪ್ರಕ್ರಿಯೆಗಳನ್ನು ಗುರುತಿಸುವುದು ರೂಢಿ. ಅನುವಂಶೀಯ ಯೋಜನೆಗೆ ಅನುಗುಣವಾಗಿ ತೆರೆದುಕೊಳ್ಳುವ ಪರಿಪಕ್ವತೆ ಒಂದು. ಅನುಭವದಿಂದ ಬರುವ ಕಲಿಕೆ ಇನ್ನೊಂದು. ಅಮೆರಿಕದ ಆರ್ನಾಲ್ಡ್ ಗೆಸೆಲ್ ಪರಿಪಕ್ವತೆಗೆ ಒತ್ತು ಕೊಟ್ಟರೆ ಜಾನ್ ವಾಟ್ಸನ್ ಕಲಿಕೆಯೇ ಎಲ್ಲವೂ ಎಂದು ವಾದಿಸಿದರು. ಇಂದು ಎರಡನ್ನೂ ಬೇರೆಬೇರೆಯಾಗಿ ತೂಗಲು ಹೊರಡುವವರು ಕಡಿಮೆ. ಜೀನುಗಳ ಪ್ರಭಾವ ಪರಿಸರಕ್ಕೆ ತಕ್ಕಂತೆ ಬದಲಾಗುತ್ತದೆ, ಮಗುವಿನ ಸ್ವಭಾವವೂ ತನ್ನ ಸುತ್ತಲಿನ ಪರಿಸರವನ್ನು ಒಂದಿಷ್ಟು ರೂಪಿಸುತ್ತದೆ.

ವಿಕಾಸವೆಂದರೆ ಬಾಲ್ಯದ ಏರಿಕೆ ಮಾತ್ರ ಎಂಬ ಕಲ್ಪನೆಯನ್ನು ಆರಂಭದಲ್ಲೇ ಬಿಟ್ಟುಬಿಡುವುದು ಒಳ್ಳೆಯದು. ಪಾಲ್ ಬಾಲ್ಟೆಸ್ 1987ರಲ್ಲಿ ವಿಶದಪಡಿಸಿದ ಜೀವಿತಾವಧಿ ದೃಷ್ಟಿಕೋನದ ಪ್ರಕಾರ ಪ್ರತಿ ಹಂತದಲ್ಲೂ ಗಳಿಕೆ ಮತ್ತು ನಷ್ಟ ಜೊತೆಯಾಗಿಯೇ ಇರುತ್ತವೆ. ಮಾಹಿತಿಯನ್ನು ಸಂಸ್ಕರಿಸುವ ವೇಗ ಯೌವನದ ನಂತರ ನಿಧಾನವಾಗಿ ಇಳಿಯತೊಡಗಿದರೂ ಶಬ್ದಸಂಪತ್ತು ನಡುವಯಸ್ಸನ್ನು ದಾಟಿಯೂ ಬೆಳೆಯಬಲ್ಲದು. ಆದ್ದರಿಂದ ‘ಬುದ್ಧಿಶಕ್ತಿ ವಯಸ್ಸಿನೊಂದಿಗೆ ಕುಂದುತ್ತದೆಯೇ?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ.

ಮಕ್ಕಳ ಆಲೋಚನೆ ಬೆಳೆಯುವ ಬಗೆಯನ್ನು ಕುರಿತ ಪಿಯಾಜೆಯವರ ನಾಲ್ಕು ಹಂತಗಳು, ಎರಿಕ್‌ಸನ್ನರ ಹುಟ್ಟಿನಿಂದ ಮುಪ್ಪಿನವರೆಗಿನ ವ್ಯಕ್ತಿತ್ವ ವಿಕಾಸದ ಎಂಟು ಹಂತಗಳು, ವೈಗಾಟ್‌ಸ್ಕಿಯವರ ಸಮೀಪ ವಿಕಾಸ ವಲಯ (ಮಗು ಒಂಟಿಯಾಗಿ ಮಾಡಲಾಗದ, ನೆರವಿದ್ದರೆ ಮಾಡಬಲ್ಲ ಕೆಲಸಗಳ ವ್ಯಾಪ್ತಿ), ಬ್ರಾನ್‌ಫೆನ್‌ಬ್ರೆನರ್ ಅವರ ಪರಿಸರ ವ್ಯವಸ್ಥೆಗಳು (ಮಗುವನ್ನು ಸುತ್ತುವರಿದ ಮನೆ, ಶಾಲೆ, ಸಮಾಜಗಳ ಪದರಗಳು) ಎಲ್ಲ ಪಠ್ಯಪುಸ್ತಕಗಳಲ್ಲೂ ಸಿಗುತ್ತವೆ. ಪರೀಕ್ಷೆಗಾಗಿ ಅವುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಪ್ರತಿಯೊಂದು ಸಿದ್ಧಾಂತ ಯಾವ ಪ್ರಶ್ನೆಯನ್ನು ಎತ್ತುತ್ತದೆ ಎಂದು ನೋಡುವುದು ಸಂಶೋಧಕನಿಗೆ ಹೆಚ್ಚು ಉಪಯುಕ್ತ. ಬದಲಾವಣೆ ನಿರಂತರವಾಗಿ ನಡೆಯುತ್ತದೆಯೇ ಅಥವಾ ಮೆಟ್ಟಿಲುಮೆಟ್ಟಿಲಾಗಿ ಏರುತ್ತದೆಯೇ ಎಂಬುದು ಪಿಯಾಜೆಯವರಿಂದ ಬರುವ ಪ್ರಶ್ನೆ; ಬೇರೊಬ್ಬರ ನೆರವಿನಿಂದ ಮಗು ಏನನ್ನು ಮಾಡಬಲ್ಲದು ಎಂಬುದು ವೈಗಾಟ್‌ಸ್ಕಿಯವರದು.

ಬಹಳ ಸಲ ಕಡೆಗಣಿಸಲ್ಪಡುವ ಒಂದು ವ್ಯತ್ಯಾಸದ ಮೇಲೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಗುಂಪಿನ ಸರಾಸರಿ ಬದಲಾಗುವುದು ಬೇರೆ, ಗುಂಪಿನೊಳಗಿನ ಸ್ಥಾನ ಬದಲಾಗುವುದು ಬೇರೆ. ನೂರು ಮಕ್ಕಳಲ್ಲಿ ಪ್ರತಿಯೊಬ್ಬರೂ ನಾಲ್ಕರಿಂದ ಎಂಟು ವರ್ಷದೊಳಗೆ ಆತ್ಮನಿಯಂತ್ರಣದಲ್ಲಿ ಬಹಳ ಸುಧಾರಿಸಬಹುದು. ಆದರೂ ನಾಲ್ಕರಲ್ಲಿ ಹಿಂದಿದ್ದವರು ಎಂಟರಲ್ಲೂ ಇತರರಿಗಿಂತ ಹಿಂದೆಯೇ ಇರಬಹುದು. ‘ಆತ್ಮನಿಯಂತ್ರಣ ಬದಲಾಗುತ್ತದೆ’ ಮತ್ತು ‘ಆತ್ಮನಿಯಂತ್ರಣ ಸ್ಥಿರವಾಗಿರುತ್ತದೆ’ ಎಂಬ ಎರಡು ಹೇಳಿಕೆಗಳೂ ಆಗ ಏಕಕಾಲಕ್ಕೆ ನಿಜ. ನಿಮ್ಮ ಪ್ರಶ್ನೆ ಈ ಎರಡರಲ್ಲಿ ಯಾವುದಕ್ಕೆ ಸಂಬಂಧಿಸಿದ್ದು ಎಂದು ಮೊದಲೇ ಬರೆದಿಟ್ಟುಕೊಳ್ಳಿ, ಏಕೆಂದರೆ ವಿಶ್ಲೇಷಣೆಯ ದಾರಿ ಅದರಿಂದಲೇ ನಿರ್ಧಾರವಾಗುತ್ತದೆ.

ಹಂತ 2: ಪ್ರಶ್ನೆಯನ್ನು ಅಳೆಯಬಹುದಾದ ರೂಪಕ್ಕೆ ತನ್ನಿ

ವಿಕಾಸದ ಪ್ರಶ್ನೆಗಳು ವರ್ಣಿಸುವವು, ವಿವರಿಸುವವು, ಮುನ್ಸೂಚಿಸುವವು ಎಂದು ಮೂರು ಬಗೆಯವಾಗಿರುತ್ತವೆ. ಯಾವ ವಯಸ್ಸಿನಲ್ಲಿ ಮಕ್ಕಳು ಎಷ್ಟು ಹೊತ್ತು ಕಾಯುತ್ತಾರೆ ಎಂಬುದು ವರ್ಣನೆ. ಏಕೆ ಕಾಯುತ್ತಾರೆ ಎಂಬುದು ವಿವರಣೆ. ಈಗ ಕಾಯುವ ಮಗು ಮುಂದೆ ಹೇಗಿರುತ್ತದೆ ಎಂಬುದು ಮುನ್ಸೂಚನೆ. ಒಂದೇ ಅಧ್ಯಯನದಲ್ಲಿ ಮೂರಕ್ಕೂ ಉತ್ತರ ಹುಡುಕಲು ಹೊರಟರೆ ಮೂರೂ ಅರೆಬರೆಯಾಗುವುದೇ ಹೆಚ್ಚು.

ಆನಂತರ ಪರಿಕಲ್ಪನೆಗೆ ಕಾರ್ಯಾತ್ಮಕ ವ್ಯಾಖ್ಯೆ ಕೊಡಿ, ಅಂದರೆ ಅದನ್ನು ಯಾವ ಅಳತೆಯಿಂದ ಗುರುತಿಸುತ್ತೀರಿ ಎಂದು ಹೇಳಿ. ಆತ್ಮನಿಯಂತ್ರಣ ಎಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ. ವಾಲ್ಟರ್ ಮಿಷೆಲ್ ಅವರ ಪ್ರಸಿದ್ಧ ಪ್ರಯೋಗ ಪದ್ಧತಿಯಲ್ಲಿ ಅದರ ಅಳತೆ ಹೀಗಿತ್ತು: ಮುಂದಿಟ್ಟಿರುವ ಒಂದು ಸಿಹಿಯನ್ನು ಈಗಲೇ ತಿನ್ನಬಹುದು, ದೊಡ್ಡವರು ಮರಳಿ ಬರುವವರೆಗೆ ಕಾದರೆ ಎರಡು ಸಿಗುತ್ತವೆ, ಮಗು ಎಷ್ಟು ನಿಮಿಷ ಕಾಯಿತು? ಶಿಕ್ಷಕರು ತುಂಬುವ ಪ್ರಶ್ನಾವಳಿಯ ಅಂಕವೂ ಇನ್ನೊಂದು ಅಳತೆಯಾಗಬಲ್ಲದು. ಎರಡೂ ಆತ್ಮನಿಯಂತ್ರಣದ ಹೆಸರಿನಲ್ಲಿಯೇ ಬಂದರೂ ಎರಡೂ ಅಳೆಯುವುದು ಒಂದನ್ನೇ ಎಂದು ಭಾವಿಸಲಾಗದು.

ಹಂತ 3: ವಯಸ್ಸಿಗೆ ಒಪ್ಪುವ ಅಳತೆಯನ್ನು ಆರಿಸಿ

ಈ ಶಾಸ್ತ್ರದ ಜಾಣ್ಮೆ ಹೆಚ್ಚಾಗಿ ಕಾಣಿಸುವುದು ಈ ಹಂತದಲ್ಲಿ. ಮಾತು ಬಾರದ ಶಿಶುವನ್ನು ಏನೆಂದು ಕೇಳುವುದು? ರಾಬರ್ಟ್ ಫ್ಯಾಂಟ್ಸ್ ಐವತ್ತರ ದಶಕದ ಕೊನೆಯಲ್ಲಿ ಎರಡು ಚಿತ್ರಗಳನ್ನು ಒಟ್ಟಿಗೆ ತೋರಿಸಿ, ಶಿಶು ಯಾವುದನ್ನು ಹೆಚ್ಚು ಹೊತ್ತು ನೋಡುತ್ತದೆ ಎಂದು ಅಳೆದರು. ಒಂದನ್ನೇ ಹೆಚ್ಚು ನೋಡಿದರೆ ಶಿಶು ಅವೆರಡರ ನಡುವಿನ ವ್ಯತ್ಯಾಸವನ್ನು ಗುರುತಿಸಿದೆ ಎಂದರ್ಥ. ಇದರ ಜೊತೆಗೇ ಬೆಳೆದದ್ದು ಒಗ್ಗಿಕೆಯ ವಿಧಾನ. ಒಂದೇ ಪ್ರಚೋದನೆಯನ್ನು ಮತ್ತೆ ಮತ್ತೆ ತೋರಿಸಿದಾಗ ಶಿಶುವಿನ ಆಸಕ್ತಿ ಇಳಿಯುತ್ತದೆ. ಹೊಸದನ್ನು ತೋರಿಸಿದಾಗ ಅದು ಮತ್ತೆ ಏರಿದರೆ, ಹಳತು ಹೊಸತುಗಳ ಭೇದ ಶಿಶುವಿಗೆ ತಿಳಿದಿದೆ.

ಅಳತೆ ಬದಲಾದರೆ ನಿರ್ಣಯವೂ ಬದಲಾಗಬಹುದು. ಮರೆಯಾದ ವಸ್ತು ಅಲ್ಲೇ ಇರುತ್ತದೆ ಎಂಬ ಅರಿವಿನ ಮೊದಲ ಕುರುಹುಗಳನ್ನು ಪಿಯಾಜೆ ಎಂಟು ತಿಂಗಳ ಆಸುಪಾಸಿನಲ್ಲಿ ಗುರುತಿಸಿದ್ದರು. ಅವರ ಅಳತೆಯಲ್ಲಿ ಮಗು ಮುಚ್ಚಿದ ವಸ್ತುವನ್ನು ಕೈಯಿಂದ ಹುಡುಕಬೇಕಿತ್ತು. 1985ರಲ್ಲಿ ರೆನೇ ಬೈಯಾರ್ಜಾನ್, ಎಲಿಜಬೆತ್ ಸ್ಪೆಲ್ಕಿ ಮತ್ತು ಸ್ಟಾನ್ಲಿ ವಾಸರ್ಮನ್, ಹಿಂದೆ ಪೆಟ್ಟಿಗೆಯಿದ್ದರೂ ತಡೆಯಿಲ್ಲದೆ ಪೂರ್ತಿ ಮಲಗುವ ತೆರೆಯೊಂದನ್ನು ಐದು ತಿಂಗಳ ಶಿಶುಗಳಿಗೆ ತೋರಿಸಿದರು. ಸಾಧ್ಯವಿರುವ ಘಟನೆಗಿಂತ ಈ ಅಸಾಧ್ಯ ಘಟನೆಯನ್ನು ಶಿಶುಗಳು ಹೆಚ್ಚು ಹೊತ್ತು ನೋಡಿದವು. ಕೈಚಾಚುವ ಸಾಮರ್ಥ್ಯವನ್ನು ಬೇಡದ ಅಳತೆ, ಅರಿವನ್ನು ಇನ್ನೂ ಮುಂಚೆಯೇ ಹಿಡಿದಂತಾಯಿತು. ಆದರೆ ಹೆಚ್ಚು ಹೊತ್ತು ನೋಡುವುದನ್ನು ‘ಆಶ್ಚರ್ಯ’ ಎಂದೂ ‘ತಿಳಿವಳಿಕೆ’ ಎಂದೂ ಕರೆಯಬಹುದೇ ಎಂಬ ವಾದ ಇನ್ನೂ ಮುಗಿದಿಲ್ಲ. ನೋಟದ ಸೆಕೆಂಡುಗಳು ದತ್ತಾಂಶ, ಉಳಿದದ್ದು ವ್ಯಾಖ್ಯಾನ.

ಮಾತು ಬಂದ ಮಕ್ಕಳೊಡನೆ ತೊಡಕು ಬೇರೆಯದು. ಅವರು ಪ್ರಶ್ನೆಗೆ ಮಾತ್ರವಲ್ಲ, ಕೇಳುವವರ ಮನಸ್ಸಿಗೂ ಉತ್ತರಿಸುತ್ತಾರೆ. ಎರಡು ಸಾಲುಗಳಲ್ಲಿ ಸಮ ಸಂಖ್ಯೆಯ ಬಿಲ್ಲೆಗಳನ್ನಿಟ್ಟು, ಒಂದು ಸಾಲನ್ನು ಮಗುವಿನ ಎದುರಿಗೇ ಹರಡಿ, ‘ಈಗಲೂ ಎರಡೂ ಸಮವೇ?’ ಎಂದು ಕೇಳಿದಾಗ ಚಿಕ್ಕ ಮಕ್ಕಳು ಅಲ್ಲವೆನ್ನುತ್ತಾರೆ ಎಂಬುದು ಪಿಯಾಜೆಯವರ ಪ್ರಸಿದ್ಧ ಅವಲೋಕನ. 1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಅದೇ ಬದಲಾವಣೆಯನ್ನು ತುಂಟ ಕರಡಿ ಗೊಂಬೆಯೊಂದು ಆಕಸ್ಮಿಕವಾಗಿ ಮಾಡಿದಂತೆ ತೋರಿಸಿದಾಗ, ಸಮವೆಂದು ಸರಿಯಾಗಿ ಹೇಳಿದ ಮಕ್ಕಳ ಸಂಖ್ಯೆ ಬಹಳ ಹೆಚ್ಚಿತು. ದೊಡ್ಡವರೇ ಉದ್ದೇಶಪೂರ್ವಕವಾಗಿ ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಉತ್ತರ ಬದಲಾಗಬೇಕೇನೋ ಎಂದು ಮಗು ಊಹಿಸುವುದು ಅಸಹಜವಲ್ಲ. ಆದುದರಿಂದ ನಿಮ್ಮ ಪ್ರಶ್ನೆಗಳನ್ನು ನಾಲ್ಕಾರು ಮಕ್ಕಳೆದುರು ಮೊದಲು ಕೇಳಿ ನೋಡಿ. ಸರಿಯುತ್ತರ ಯಾವುದೆಂಬ ಸುಳಿವು ನಿಮ್ಮ ಧ್ವನಿಯಲ್ಲೇ ಇದೆಯೇ ಎಂದು ಧ್ವನಿಮುದ್ರಣದಲ್ಲಿ ಕೇಳಿ ಪರೀಕ್ಷಿಸಿಕೊಳ್ಳಿ.

ಅವಲೋಕನವನ್ನು ಆರಿಸಿಕೊಂಡರೆ ಸಹಜ ಸನ್ನಿವೇಶವೋ ರಚಿತ ಸನ್ನಿವೇಶವೋ ಎಂದು ನಿರ್ಧರಿಸಬೇಕು. ಚಾರ್ಲ್ಸ್ ಡಾರ್ವಿನ್ ತಮ್ಮ ಮಗನ ಶೈಶವದ ಟಿಪ್ಪಣಿಗಳನ್ನು 1877ರಲ್ಲಿ ಪ್ರಕಟಿಸಿದ್ದು ಸಹಜ ಸನ್ನಿವೇಶದ ದಿನಚರಿ ವಿಧಾನಕ್ಕೆ ಉದಾಹರಣೆ: ವಿವರಗಳು ಶ್ರೀಮಂತ, ಸಾಮಾನ್ಯೀಕರಣಕ್ಕೆ ಆಧಾರ ಕಡಿಮೆ. ಮೇರಿ ಐನ್ಸ್‌ವರ್ತ್ ಅವರ ಅಪರಿಚಿತ ಸನ್ನಿವೇಶ ವಿಧಾನ ರಚಿತವಾದದ್ದು. ಸುಮಾರು ಒಂದು ವರ್ಷದ ಮಗು ಹಾಗೂ ತಾಯಿಯ ಅಗಲಿಕೆ ಮತ್ತು ಪುನರ್ಮಿಲನಗಳನ್ನು ಎಂಟು ಚಿಕ್ಕ ಪ್ರಸಂಗಗಳಲ್ಲಿ ಎಲ್ಲ ಮಕ್ಕಳಿಗೂ ಒಂದೇ ಕ್ರಮದಲ್ಲಿ ಒಡ್ಡುತ್ತದೆ. ಯಾವುದೇ ಆದರೂ, ಒಂದೇ ವಿಡಿಯೋವನ್ನು ಇಬ್ಬರು ಪರಸ್ಪರ ಕೇಳದೆ ಸಂಕೇತೀಕರಿಸಬೇಕು, ಅಂದರೆ ಕಂಡ ವರ್ತನೆಗಳನ್ನು ಮೊದಲೇ ಗೊತ್ತುಮಾಡಿದ ವರ್ಗಗಳಾಗಿ ದಾಖಲಿಸಬೇಕು. ಅವರ ಒಮ್ಮತವನ್ನು ಶೇಕಡಾವಾರಿನಲ್ಲಿ ಮಾತ್ರ ಹೇಳದೆ, ಕಾಕತಾಳೀಯ ಒಮ್ಮತವನ್ನು ಕಳೆದು ಲೆಕ್ಕ ಹಾಕುವ ಕೊಹೆನ್‌ರ ಕಪ್ಪಾದಂತಹ ಸೂಚ್ಯಂಕದಿಂದ ವರದಿ ಮಾಡಿ.

ಈ ಹಂತದ ಅತಿ ಕಠಿಣ ಸಮಸ್ಯೆ ಅಳತೆಯ ಸಮಾನತೆ. ಸಿಹಿಗಾಗಿ ಕಾಯುವ ಪರೀಕ್ಷೆ ನಾಲ್ಕು ವರ್ಷದವರನ್ನು ಚೆನ್ನಾಗಿ ಬೇರ್ಪಡಿಸಬಲ್ಲದು. ದೊಡ್ಡ ಮಕ್ಕಳಲ್ಲಿ ಬಹುಪಾಲು ಮಂದಿ ಕೊನೆಯವರೆಗೂ ಕಾದುಬಿಡುತ್ತಾರೆ, ಅಂಕಗಳೆಲ್ಲ ಗರಿಷ್ಠ ಮಟ್ಟಕ್ಕೆ ಒತ್ತಿಕೊಳ್ಳುತ್ತವೆ. ಹಾಗೆಂದು ದೊಡ್ಡವರಿಗೆ ಬೇರೆ ಪರೀಕ್ಷೆ ಕೊಟ್ಟರೆ, ಕಾಣುವ ಬದಲಾವಣೆ ಮಗುವಿನದೋ ಪರೀಕ್ಷೆಯದೋ ಎಂದು ಹೇಳಲಾಗದು. ಪಕ್ಕಪಕ್ಕದ ವಯೋಗುಂಪುಗಳಿಗೆ ಕೆಲವು ಸಾಮಾನ್ಯ ಅಂಶಗಳನ್ನು ಇಟ್ಟು ಅಳತೆಗಳನ್ನು ಬೆಸೆಯುವುದು ಇದಕ್ಕೆ ಒಂದು ಮಾರ್ಗ, ಪೂರ್ಣ ಪರಿಹಾರವಲ್ಲ.

ಹಂತ 4: ಕಾಲವನ್ನು ವಿನ್ಯಾಸದೊಳಗೆ ತನ್ನಿ

ಬೇರೆಬೇರೆ ವಯಸ್ಸಿನವರನ್ನು ಒಂದೇ ಕಾಲದಲ್ಲಿ ಅಳೆಯುವುದು ಅಡ್ಡಛೇದ ವಿನ್ಯಾಸ. ಕೆಲವೇ ವಾರಗಳಲ್ಲಿ ಮುಗಿಸಬಹುದಾದ್ದರಿಂದ ವಿದ್ಯಾರ್ಥಿಗಳ ಅಧ್ಯಯನಗಳಿಗೆ ಇದೇ ಹೆಚ್ಚು ಅನುಕೂಲ. ಇದರ ಕೊರತೆ ಏನೆಂದರೆ, ವಯಸ್ಸು ಬೇರೆಯಾದವರು ಹುಟ್ಟಿದ ವರ್ಷದಲ್ಲೂ ಬೇರೆಯಾಗಿರುತ್ತಾರೆ. ಎಪ್ಪತ್ತರ ವ್ಯಕ್ತಿಯ ಸ್ಮರಣೆ ಮೂವತ್ತರವನಿಗಿಂತ ಕಡಿಮೆ ಎಂದು ಕಂಡರೆ, ಅದಕ್ಕೆ ಮುಪ್ಪು ಕಾರಣವೋ ಆ ಪೀಳಿಗೆಗೆ ದೊರೆತ ಕಡಿಮೆ ಶಾಲಾ ಶಿಕ್ಷಣ ಕಾರಣವೋ? ಇದನ್ನು ಪೀಳಿಗೆ ಪರಿಣಾಮ ಎನ್ನುತ್ತಾರೆ.

ಮಕ್ಕಳಲ್ಲಿಯೂ ಇದು ಕಾಣುತ್ತದೆ. ಸ್ಟೆಫನಿ ಕಾರ್ಲ್‌ಸನ್ ಮತ್ತು ಸಂಗಡಿಗರು 2018ರಲ್ಲಿ ಹಳೆಯ ದತ್ತಾಂಶಗಳನ್ನು ಹೋಲಿಸಿ ನೋಡಿದಾಗ, 2000ದ ದಶಕದ ಅಮೆರಿಕದ ಮಕ್ಕಳು 1960ರ ದಶಕದ ಮಕ್ಕಳಿಗಿಂತ ಸರಾಸರಿ 2 ನಿಮಿಷ ಹೆಚ್ಚು ಕಾದಿದ್ದರು. ಈಗಿನ ಮಕ್ಕಳಿಗೆ ತಾಳ್ಮೆಯೇ ಇಲ್ಲವೆನ್ನುವ ಹಿರಿಯರ ಗೊಣಗಾಟವನ್ನು ದತ್ತಾಂಶ ಬೆಂಬಲಿಸಲಿಲ್ಲ ಎಂಬುದು ನನಗಂತೂ ಸಂತೋಷ ಕೊಟ್ಟ ಫಲಿತಾಂಶ.

ಅದೇ ವ್ಯಕ್ತಿಗಳನ್ನು ವರ್ಷಗಳ ಕಾಲ ಮತ್ತೆ ಮತ್ತೆ ಅಳೆಯುವುದು ದೀರ್ಘಾವಧಿ ವಿನ್ಯಾಸ. ಒಬ್ಬೊಬ್ಬರ ಬದಲಾವಣೆಯನ್ನು ನೇರವಾಗಿ ತೋರಿಸಬಲ್ಲದ್ದು ಇದೇ. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972–73ರಲ್ಲಿ ಜನಿಸಿದ 1037 ಮಂದಿಯನ್ನು ಮೂರು ವರ್ಷದಿಂದ ನಡುವಯಸ್ಸಿನವರೆಗೆ ಹಿಂಬಾಲಿಸಿರುವ ಅಧ್ಯಯನ ಇದಕ್ಕೆ ಅತ್ಯುತ್ತಮ ಮಾದರಿ. 45ನೇ ವಯಸ್ಸಿನ ಸುತ್ತಿನಲ್ಲಿಯೂ ಬದುಕಿದ್ದವರ ಪೈಕಿ ಶೇ. 90ಕ್ಕೂ ಹೆಚ್ಚು ಜನ ಭಾಗವಹಿಸಿದ್ದರು. ಬಾಲ್ಯದ ಆತ್ಮನಿಯಂತ್ರಣವು ಮೂವತ್ತೆರಡರ ವಯಸ್ಸಿನ ಆರೋಗ್ಯ ಮತ್ತು ಹಣಕಾಸಿನ ಸ್ಥಿತಿಯನ್ನು ಮುನ್ಸೂಚಿಸುತ್ತದೆ ಎಂಬ ಟೆರಿ ಮಾಫಿಟ್ ಮತ್ತು ಸಹೋದ್ಯೋಗಿಗಳ 2011ರ ವರದಿ ಇದರಿಂದಲೇ ಬಂತು. ಇಷ್ಟು ಮಂದಿಯನ್ನು ಉಳಿಸಿಕೊಳ್ಳುವುದು ಅಪರೂಪ. ಸಾಮಾನ್ಯವಾಗಿ ಬಡವರು, ಅನಾರೋಗ್ಯವುಳ್ಳವರು, ಊರು ಬದಲಿಸುವವರು ಮೊದಲು ಕೈಬಿಟ್ಟುಹೋಗುತ್ತಾರೆ, ಉಳಿದವರ ಚಿತ್ರ ವಾಸ್ತವಕ್ಕಿಂತ ಚೆಂದವಾಗಿ ಕಾಣುತ್ತದೆ. ಒಂದೇ ಪರೀಕ್ಷೆಯನ್ನು ಪದೇಪದೇ ಬರೆದುದರಿಂದ ಬರುವ ಅಭ್ಯಾಸ ಪರಿಣಾಮವೂ ಇದೆ. ಜೊತೆಗೆ ಒಂದೇ ಪೀಳಿಗೆಯನ್ನು ಹಿಂಬಾಲಿಸಿದಾಗ ವಯಸ್ಸಿನ ಪರಿಣಾಮವನ್ನು ಆ ಕಾಲದ ಘಟನೆಗಳಿಂದ ಬೇರ್ಪಡಿಸಲಾಗದು.

ಎರಡನ್ನೂ ಹೆಣೆಯುವುದು ಅನುಕ್ರಮ ವಿನ್ಯಾಸ. ವಾರ್ನರ್ ಶಾಯ್ 1956ರಲ್ಲಿ ಸಿಯಾಟಲ್‌ನಲ್ಲಿ ಬೇರೆಬೇರೆ ವಯಸ್ಸಿನ ವಯಸ್ಕರನ್ನು ಅಳೆದು, ಏಳು ವರ್ಷಗಳಿಗೊಮ್ಮೆ ಅವರನ್ನೇ ಮತ್ತೆ ಅಳೆಯುವುದರ ಜೊತೆಗೆ ಪ್ರತಿ ಸಲವೂ ಹೊಸಬರನ್ನು ಸೇರಿಸುತ್ತ ಹೋದರು. ಅಡ್ಡಛೇದ ದತ್ತಾಂಶದಲ್ಲಿ ಯೌವನದ ನಂತರವೇ ಇಳಿಮುಖವಾಗಿ ಕಂಡ ಹಲವು ಸಾಮರ್ಥ್ಯಗಳು, ಅದೇ ವ್ಯಕ್ತಿಗಳನ್ನು ಹಿಂಬಾಲಿಸಿದಾಗ ನಡುವಯಸ್ಸಿನುದ್ದಕ್ಕೂ ಉಳಿದುಕೊಂಡು, ಅರವತ್ತರ ಆಸುಪಾಸಿನ ಬಳಿಕವಷ್ಟೇ ಸ್ಪಷ್ಟವಾಗಿ ಇಳಿದವು. ಆದರೂ ಒಂದು ಗಣಿತದ ಕಟ್ಟು ಬಿಡದು: ಹುಟ್ಟಿದ ವರ್ಷಕ್ಕೆ ವಯಸ್ಸನ್ನು ಕೂಡಿಸಿದರೆ ಅಳತೆಯ ವರ್ಷ ಬರುತ್ತದೆ. ಮೂರರಲ್ಲಿ ಎರಡು ಗೊತ್ತಾದರೆ ಮೂರನೆಯದು ತಾನಾಗಿ ನಿರ್ಧಾರವಾಗುವುದರಿಂದ ವಯಸ್ಸು, ಪೀಳಿಗೆ, ಕಾಲ ಈ ಮೂರರ ಪರಿಣಾಮಗಳನ್ನು ಸಂಖ್ಯಾಶಾಸ್ತ್ರವೊಂದರಿಂದಲೇ ಪೂರ್ತಿ ಬೇರ್ಪಡಿಸಲು ಸಾಧ್ಯವಿಲ್ಲ. ಸಿದ್ಧಾಂತದ ಆಧಾರದ ಮೇಲೆ ಯಾವುದಾದರೊಂದನ್ನು ಕುರಿತು ಊಹೆ ಮಾಡಿಕೊಳ್ಳಲೇಬೇಕು, ಆ ಊಹೆಯನ್ನು ವರದಿಯಲ್ಲಿ ಬರೆಯಲೂಬೇಕು.

ಎಷ್ಟು ದಿನಗಳಿಗೊಮ್ಮೆ ಅಳೆಯಬೇಕು ಎಂಬ ಪ್ರಶ್ನೆಗೆ ಸಿಗುವ ಗಮನ ಕಡಿಮೆ. ಕ್ಯಾರೆನ್ ಆಡಾಲ್ಫ್ ಮತ್ತು ಸಂಗಡಿಗರು 2008ರಲ್ಲಿ ಶಿಶುಗಳ ಚಲನಾ ಕೌಶಲಗಳ ದೈನಂದಿನ ದಾಖಲೆಗಳನ್ನು ಪರಿಶೀಲಿಸಿದಾಗ, ಕೌಶಲವೊಂದು ಇಂದು ಕಾಣಿಸಿ ನಾಳೆ ಮರೆಯಾಗಿ ಮತ್ತೆ ಬರುವ ಏರಿಳಿತ ಅನೇಕ ಕಡೆ ಇತ್ತು. ಅದೇ ದಾಖಲೆಯನ್ನು ತಿಂಗಳಿಗೊಮ್ಮೆ ಅಳೆದಂತೆ ನೋಡಿದರೆ ಅದು ಒಂದೇ ಜಿಗಿತದಂತೆ ಕಾಣುತ್ತಿತ್ತು. ಹಂತಗಳಿವೆ ಎಂಬ ತೀರ್ಮಾನ ಕೆಲವೊಮ್ಮೆ ನಮ್ಮ ಕ್ಯಾಲೆಂಡರಿನಿಂದಲೇ ಬಂದಿರಬಹುದು. ಬದಲಾವಣೆ ನಡೆಯುವ ಅವಧಿಯಲ್ಲೇ ಒತ್ತೊತ್ತಾಗಿ ಅಳೆಯುವ ಸೂಕ್ಷ್ಮ ವಿಕಾಸ ವಿಧಾನವನ್ನು ರಾಬರ್ಟ್ ಸೀಗ್ಲರ್ ಮಕ್ಕಳ ಲೆಕ್ಕದ ತಂತ್ರಗಳಿಗೆ ಬಳಸಿ, ಒಂದೇ ಮಗು ಹಳೆಯ ಮತ್ತು ಹೊಸ ತಂತ್ರಗಳನ್ನು ಬಹುಕಾಲ ಒಟ್ಟಿಗೇ ಬಳಸುತ್ತದೆ ಎಂದು ತೋರಿಸಿದರು.

ಹಂತ 5: ಕಾರಣವನ್ನು ಹುಡುಕುವ ಬಗೆಯನ್ನು ನಿರ್ಧರಿಸಿ

ವಯಸ್ಸನ್ನು ಯಾರಿಗೂ ಯಾದೃಚ್ಛಿಕವಾಗಿ, ಚೀಟಿ ಎತ್ತಿದಂತೆ, ಹಂಚಲಾಗದು. ಆದುದರಿಂದ ಎರಡು ಅಂಶಗಳು ಜೊತೆಜೊತೆಗೆ ಬದಲಾಗುತ್ತವೆಯೇ ಎಂದಷ್ಟೇ ನೋಡುವ ಸಹಸಂಬಂಧ ಅಧ್ಯಯನಗಳೇ ಇಲ್ಲಿ ಹೆಚ್ಚು, ಎರಡಕ್ಕೂ ಕಾರಣವಾಗಿರಬಹುದಾದ ಮೂರನೆಯ ಚಲಕದ ಸಂಶಯವೂ ಸದಾ ಇರುತ್ತದೆ. ಚಿಕ್ಕಂದಿನಲ್ಲಿ ಹೆಚ್ಚು ಹೊತ್ತು ಕಾದವರು ಮುಂದೆ ಓದಿನಲ್ಲಿ ಮುಂದಿದ್ದರು ಎಂಬ ಮಿಷೆಲ್ ತಂಡದ ಸಂಶೋಧನೆಯನ್ನು ಟೈಲರ್ ವಾಟ್ಸ್ ಮತ್ತು ಸಂಗಡಿಗರು 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ದತ್ತಾಂಶದಲ್ಲಿ ಮರುಪರಿಶೀಲಿಸಿದರು. ಸಂಬಂಧ ಮೂಲಕ್ಕಿಂತ ದುರ್ಬಲವಾಗಿತ್ತು. ಕುಟುಂಬದ ಹಿನ್ನೆಲೆ ಮತ್ತು ಮಗುವಿನ ಆರಂಭಿಕ ಬೌದ್ಧಿಕ ಸಾಮರ್ಥ್ಯವನ್ನು ಲೆಕ್ಕಕ್ಕೆ ತಂದಾಗ ಇನ್ನೂ ಬಹಳ ಕುಗ್ಗಿತು.

ವಯಸ್ಸನ್ನು ಹಂಚಲಾಗದಿದ್ದರೂ ವಯಸ್ಸಿನೊಳಗೆ ಅಡಗಿದೆಯೆಂದು ನೀವು ಶಂಕಿಸುವ ಅಂಶವನ್ನು ಹಂಚಬಹುದು. ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 2013ರಲ್ಲಿ ಮಾಡಿದ್ದು ಇದನ್ನೇ. ಸಿಹಿಯ ಪರೀಕ್ಷೆಗೆ ಮೊದಲು ಕೆಲವು ಮಕ್ಕಳಿಗೆ ಮಾತಿಗೆ ತಪ್ಪದ ಸಂಶೋಧಕರು, ಇನ್ನು ಕೆಲವರಿಗೆ ಮಾತು ಮುರಿದ ಸಂಶೋಧಕರು ಎದುರಾದರು. ಮೊದಲ ಗುಂಪು ಸರಾಸರಿ ಸುಮಾರು 12 ನಿಮಿಷ, ಎರಡನೆಯದು ಸುಮಾರು 3 ನಿಮಿಷ ಕಾಯಿತು. ಇದು ಕೇವಲ 28 ಮಕ್ಕಳ ಚಿಕ್ಕ ಅಧ್ಯಯನ ಎಂಬುದನ್ನು ಮರೆಯಬಾರದು. ಆದರೂ ಕಾಯದಿರುವುದು ನಿಯಂತ್ರಣದ ಕೊರತೆಯಷ್ಟೇ ಅಲ್ಲ, ಅನುಭವದಿಂದ ಬಂದ ಲೆಕ್ಕಾಚಾರವೂ ಆಗಿರಬಹುದು ಎಂಬುದನ್ನು ಪ್ರಯೋಗದ ಮೂಲಕ ತೋರಿಸಿದ ರೀತಿ ಮೆಚ್ಚತಕ್ಕದ್ದು. ಅವಳಿಗಳ ಅಧ್ಯಯನ, ದತ್ತು ಅಧ್ಯಯನ, ನೀತಿಬದಲಾವಣೆ ಅಥವಾ ವಿಪತ್ತುಗಳು ಒದಗಿಸುವ ಸಹಜ ಪ್ರಯೋಗಗಳು ಇತರ ದಾರಿಗಳು.

ಹಂತ 6: ಯಾರನ್ನು ಅಧ್ಯಯನ ಮಾಡುತ್ತಿದ್ದೀರಿ ಎಂದು ಪ್ರಾಮಾಣಿಕವಾಗಿ ಹೇಳಿ

ಮನೋವಿಜ್ಞಾನದ ದತ್ತಾಂಶ ಪಾಶ್ಚಾತ್ಯ, ವಿದ್ಯಾವಂತ, ಕೈಗಾರಿಕೀಕೃತ, ಶ್ರೀಮಂತ, ಪ್ರಜಾಸತ್ತಾತ್ಮಕ ಸಮಾಜಗಳಿಂದಲೇ ಅತಿಯಾಗಿ ಬರುತ್ತಿದೆ ಎಂದು ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು. ಒಂದು ಸಮಾಜದಲ್ಲಿ ಸಿದ್ಧವಾದ ವಯೋಮಾನದಂಡವನ್ನು ಇನ್ನೊಂದರ ಮೇಲೆ ಹೇರಿದರೆ ಆರೋಗ್ಯವಂತ ಮಗುವೂ ‘ಹಿಂದುಳಿದ’ ಮಗುವಾಗಬಹುದು. ಒಂದೇ ಸಮಾಜದಲ್ಲೂ ಮಾನದಂಡ ಸರಿಯುತ್ತದೆ: ಶಿಶುಗಳನ್ನು ಅಂಗಾತ ಮಲಗಿಸಬೇಕೆಂಬ ವೈದ್ಯಕೀಯ ಸಲಹೆ ತೊಂಬತ್ತರ ದಶಕದಲ್ಲಿ ಹರಡಿದ ಮೇಲೆ ಮಗುಚಿಕೊಳ್ಳುವ, ತೆವಳುವ ವಯಸ್ಸು ಸ್ವಲ್ಪ ಹೆಚ್ಚಿತು, ನಡೆಯುವ ವಯಸ್ಸು ಬದಲಾಗಲಿಲ್ಲ.

ಹಂತ 7: ನೈತಿಕ ಅನುಮತಿಯನ್ನು ಮೊದಲೇ ಪಡೆಯಿರಿ

1920ರಲ್ಲಿ ವಾಟ್ಸನ್ ಮತ್ತು ರೊಸಾಲಿ ರೇನರ್ ‘ಆಲ್ಬರ್ಟ್’ ಎಂದು ಕರೆದ ಶಿಶುವಿನಲ್ಲಿ ಬಿಳಿ ಇಲಿಯ ಭಯವನ್ನು ಹುಟ್ಟಿಸಿದರು, ಅದನ್ನು ನಿವಾರಿಸದೆಯೇ ಬಿಟ್ಟರು. ಇಂದು ಇಂಥದ್ದಕ್ಕೆ ಯಾವ ನೈತಿಕ ಸಮಿತಿಯೂ ಒಪ್ಪದು. ಪೋಷಕರ ತಿಳಿವಳಿಕೆಯುಕ್ತ ಲಿಖಿತ ಒಪ್ಪಿಗೆ ಬೇಕು. ಅರ್ಥಮಾಡಿಕೊಳ್ಳಬಲ್ಲ ಮಗುವಿನ ಸಮ್ಮತಿಯೂ ಬೇಕು. ಪೋಷಕರು ಸಹಿ ಹಾಕಿದ್ದರೂ ಮಗು ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಬೇಕು.

ಎಲ್ಲ ಪ್ರಶ್ನೆಗಳೂ ಇಷ್ಟು ಸುಲಭವಲ್ಲ. ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ಅನಾಥಾಲಯಗಳಲ್ಲಿದ್ದ 136 ಚಿಕ್ಕ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಯಾದೃಚ್ಛಿಕವಾಗಿ ಆರಿಸಿ, ಸಂಶೋಧಕರೇ ಏರ್ಪಡಿಸಿದ ಪಾಲಕ ಕುಟುಂಬಗಳಿಗೆ ಕಳುಹಿಸಲಾಯಿತು. ಕುಟುಂಬಕ್ಕೆ ಹೋದ ಮಕ್ಕಳ, ಅದರಲ್ಲೂ ಬೇಗ ಹೋದವರ, ಬುದ್ಧಿಶಕ್ತಿ ಮತ್ತು ಬಾಂಧವ್ಯ ಉತ್ತಮಗೊಂಡಿತು; ಅನುಭವದ ಪ್ರಭಾವ ವಿಶೇಷವಾಗಿ ಹೆಚ್ಚಿರುವ ಸೂಕ್ಷ್ಮ ಅವಧಿಗಳ ಬಗ್ಗೆ ಇದು ಬಲವಾದ ಸಾಕ್ಷ್ಯ. ಉಳಿದ ಅರ್ಧವನ್ನು ಅಲ್ಲೇ ಬಿಟ್ಟದ್ದು ಸರಿಯೇ ಎಂಬ ಆಕ್ಷೇಪಕ್ಕೆ, ಅಲ್ಲಿ ಬೇರೆ ಪಾಲಕ ವ್ಯವಸ್ಥೆ ಹೆಚ್ಚುಕಡಿಮೆ ಇರಲಿಲ್ಲ, ಮತ್ತು ಕುಟುಂಬ ದೊರೆತಾಗ ಯಾವ ಮಗುವನ್ನೂ ಸಂಶೋಧನೆಗಾಗಿ ತಡೆಯಲಿಲ್ಲ ಎಂಬುದು ಸಂಶೋಧಕರ ಉತ್ತರ. ಆ ಉತ್ತರ ನನಗೆ ಒಪ್ಪಿಗೆಯಾಗುತ್ತದೆ, ಆದರೆ ಆಕ್ಷೇಪ ಕ್ಷುಲ್ಲಕವೆಂದು ಅನಿಸಿಲ್ಲ.

ಹಂತ 8: ಯೋಜನೆಯನ್ನು ಮುಂಚೆಯೇ ದಾಖಲಿಸಿ, ವಿಶ್ಲೇಷಿಸಿ, ಬರೆಯಿರಿ

ಪ್ರಾಕಲ್ಪನೆ, ಮಾದರಿಯ ಗಾತ್ರ, ಯಾವ ಮಗುವಿನ ದತ್ತಾಂಶವನ್ನು ಯಾವ ಕಾರಣಕ್ಕೆ ಬಿಡಲಾಗುವುದು ಎಂಬ ನಿಯಮ, ಮುಖ್ಯ ವಿಶ್ಲೇಷಣೆ ಇವನ್ನು ದತ್ತಾಂಶ ಸಂಗ್ರಹಕ್ಕೆ ಮೊದಲೇ ಸಾರ್ವಜನಿಕವಾಗಿ ನೋಂದಾಯಿಸಿ. ಶಿಶು ಸಂಶೋಧನೆಯಲ್ಲಿ ಇದು ಅತ್ಯವಶ್ಯ. ಅಳುವ, ನಿದ್ದೆಹೋಗುವ ಶಿಶುಗಳನ್ನು ಬಿಡುವ ನಿಯಮ ಸಡಿಲವಾಗಿದ್ದರೆ ಬೇಕಾದ ಫಲಿತಾಂಶ ಗೊತ್ತಿಲ್ಲದೆಯೇ ಬಂದುಬಿಡಬಹುದು. ನವಜಾತ ಶಿಶುಗಳು ದೊಡ್ಡವರ ಮುಖಭಾವವನ್ನು ಅನುಕರಿಸುತ್ತವೆ ಎಂಬ ಆಂಡ್ರ್ಯೂ ಮೆಲ್ಟ್‌ಜಾಫ್ ಮತ್ತು ಕೀತ್ ಮೂರ್ ಅವರ 1977ರ ಫಲಿತಾಂಶ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ನೆಲೆಯೂರಿತ್ತು; 2016ರಲ್ಲಿ ಜಾನಿನ್ ಓಸ್ಟನ್‌ಬ್ರೂಕ್ ಮತ್ತು ಸಂಗಡಿಗರು 106 ಶಿಶುಗಳನ್ನು ಮೊದಲ ಒಂಬತ್ತು ವಾರಗಳಲ್ಲಿ ನಾಲ್ಕು ಸಲ ಪರೀಕ್ಷಿಸಿದಾಗ ಅನುಕರಣೆಗೆ ಪುರಾವೆ ದೊರೆಯಲಿಲ್ಲ. ವಾದ ಮುಂದುವರಿದಿದೆ.

ವಿಶ್ಲೇಷಣೆಯಲ್ಲಿ ಗುಂಪಿನ ಸರಾಸರಿ ರೇಖೆಯ ಜೊತೆಗೆ ಒಬ್ಬೊಬ್ಬ ಮಗುವಿನ ರೇಖೆಯನ್ನೂ ಬಿಡಿಸಿ ನೋಡಿ. ಬೇರೆಬೇರೆ ವಾರಗಳಲ್ಲಿ ತಟ್ಟನೆ ಜಿಗಿದ ಮಕ್ಕಳ ಸರಾಸರಿ ತೆಗೆದರೆ ನಯವಾದ ಇಳಿಜಾರೊಂದು ಮೂಡುತ್ತದೆ, ಅಂಥ ಇಳಿಜಾರಿನಲ್ಲಿ ಒಂದು ಮಗುವೂ ನಡೆದಿರುವುದಿಲ್ಲ. ವರದಿ ಬರೆಯುವಾಗ ಅಡ್ಡಛೇದ ದತ್ತಾಂಶವಿದ್ದರೆ ‘ವಯಸ್ಸಾದಂತೆ ಹೆಚ್ಚಿತು’ ಎನ್ನದೆ ‘ದೊಡ್ಡ ವಯಸ್ಸಿನವರಲ್ಲಿ ಹೆಚ್ಚಾಗಿ ಕಂಡಿತು’ ಎಂದು ಬರೆಯಿರಿ. ಅಧ್ಯಯನವನ್ನು ನಡುವೆ ಬಿಟ್ಟುಹೋದವರು ಎಷ್ಟು ಮಂದಿ, ಉಳಿದವರಿಗಿಂತ ಯಾವ ರೀತಿಯಲ್ಲಿ ಭಿನ್ನರಾಗಿದ್ದರು ಎಂಬುದನ್ನು ಫಲಿತಾಂಶದ ಮೊದಲ ಕೋಷ್ಟಕದಲ್ಲೇ ಕೊಡಿ.